ಕೆಡುವುದಾದರೆ ನಕಲೇ ಕೆಡಲಿ

2023ರ ಆರಂಭದಲ್ಲಿ ಕರ್ನಾಟಕದ ನೋಂದಣಿ ಮತ್ತು ಮುದ್ರಾಂಕ ಇಲಾಖೆ ಕಾವೇರಿ 2.0 ಎಂಬ ಹೊಸ ತಂತ್ರಾಂಶವನ್ನು ಹೊರತಂದಾಗ ಅದನ್ನು ಮೊದಲು ಓಡಿಸಿ ನೋಡಿದ್ದು ಬೆಂಗಳೂರಿನ ಗಿಜಿಗುಡುವ ಕಚೇರಿಗಳಲ್ಲಲ್ಲ. ಪ್ರಯೋಗಕ್ಕೆ ಆರಿಸಿಕೊಂಡ ಮೊದಲ ಕಚೇರಿಗಳಲ್ಲಿ ಒಂದು ಕಲಬುರಗಿ ಜಿಲ್ಲೆಯ ಚಿಂಚೋಳಿಯದು. ಇನ್ನೊಂದು ಬೆಳಗಾವಿ ದಕ್ಷಿಣದ್ದು. ಚಿಂಚೋಳಿ ಎಂದರೆ ಇತ್ತ ತೆಲಂಗಾಣದ ಜಹೀರಾಬಾದಿಗೂ ಅತ್ತ ತಾಂಡೂರಿಗೂ ನೆರೆಯ ತಾಲೂಕು. ಜಹೀರಾಬಾದ್ ಬಳಿಯ ಝರಾಸಂಗಂ ಕಡೆಯ ಎಷ್ಟೋ ಮನೆಗಳಿಗೆ ಆ ಕಡೆ ಬೀಗರಿದ್ದಾರೆ. ಕೆಲವರಿಗೆ ಹೊಲವೂ ಇದೆ. ಅಲ್ಲಿ ಕಚ್ಚಾ ಪಕ್ಕಾ ಎಲ್ಲ ತಿದ್ದಿಕೊಂಡ ಮೇಲೆ ಆ ವರ್ಷದ ಮಧ್ಯದ ಹೊತ್ತಿಗೆ ರಾಜ್ಯದ 250ಕ್ಕೂ ಹೆಚ್ಚು ಉಪನೋಂದಣಾಧಿಕಾರಿ ಕಚೇರಿಗಳಿಗೆ ಕಾವೇರಿ 2.0 ಹಬ್ಬಿತು.

ಸಣ್ಣ ಊರಿನಲ್ಲಿ ಮೊದಲು ನೋಡಿ, ಆಮೇಲೆ ದೊಡ್ಡ ಊರಿಗೆ ಹೋಗುವುದು ಒಳ್ಳೆಯ ಪದ್ಧತಿಯೇ. ಆದರೆ ಅದಕ್ಕೂ ಮೊದಲು ಇನ್ನೊಂದು ಹಂತ ಇರಬೇಕಾಗುತ್ತದೆ. ಯಾರ ಹೊಲವೂ, ಯಾರ ಹಣವೂ, ಯಾರ ಹೆಸರೂ ಸಿಕ್ಕಿಕೊಳ್ಳದ ಒಂದು ನಕಲಿನ ಮೇಲೆ ಬದಲಾವಣೆ ಮಾಡಿ, ಅದು ಕೆಟ್ಟರೆ ಕೆಡಲಿ ಎಂದು ಬಿಡುವ ಹಂತ ಅದು. ಜಾಲತಾಣ ಕಟ್ಟುವವರ ಬಾಯಲ್ಲಿ ಅದು ಸ್ಟೇಜಿಂಗ್. ಜನ ಬಂದು ಹೋಗುವ ತಾಣ ಲೈವ್. ಸ್ಟೇಜಿಂಗ್‌ನಲ್ಲಿ ಏನು ಮಾಡಿದರೂ ಲೈವ್‌ಗೆ ಅದರ ಸುಳಿವು ಹತ್ತಬಾರದು.

ದೊಡ್ಡ ಇಲಾಖೆಗಳ ಮಾತು ಆಮೇಲೆ ಬರುತ್ತದೆ. ಮೊದಲು ಚಿಕ್ಕದನ್ನೇ ನೋಡೋಣ. ಝರಾಸಂಗಂನ ಕೇತಕಿ ಸಂಗಮೇಶ್ವರನ ಗುಡಿಗೆ ಮಹಾಶಿವರಾತ್ರಿಯ ಜಾತ್ರೆಯಲ್ಲಿ ತೆಲಂಗಾಣದವರಲ್ಲದೆ ಬೀದರ, ಕಲಬುರಗಿ ಕಡೆಯವರೂ ಮಹಾರಾಷ್ಟ್ರದವರೂ ಬರುತ್ತಾರೆ. ಬೇರೆಲ್ಲೂ ಶಿವನಿಗೆ ಏರಿಸದ ಕೇದಗೆ ಹೂವು ಇಲ್ಲಿ ಮಾತ್ರ ಪೂಜೆಗೆ ಸಲ್ಲುತ್ತದೆ ಎಂಬುದು ಈ ಕ್ಷೇತ್ರದ ಹೆಚ್ಚುಗಾರಿಕೆ. ಅಲ್ಲಿ ಒಬ್ಬರು ಲಾಡ್ಜ್ ನಡೆಸುತ್ತಿದ್ದಾರೆ, ರೂಮು ಕಾದಿರಿಸಲು ಒಂದು ಜಾಲತಾಣ ಮಾಡಿಸಿದ್ದಾರೆ ಎಂದುಕೊಳ್ಳಿ. ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ ನಿಂತಿವೆ. ಇದೂ ಹಾಗೇ ಇರಲಿ. ಜಾತ್ರೆ ಹತ್ತಿರ ಬಂದಿದೆ. ಬುಕಿಂಗ್ ಫಾರ್ಮಿನ ಪ್ಲಗಿನ್‌ಗೆ ಹೊಸ ಆವೃತ್ತಿ ಬಂದಿದೆ ಎಂದು ಪರದೆಯ ಮೇಲೆ ಕೆಂಪು ಚುಕ್ಕೆ ಕಾಣುತ್ತಿದೆ. ಒತ್ತಿದರೆ ಅರೆನಿಮಿಷದ ಕೆಲಸ. ಒತ್ತಿದ ಮೇಲೆ ಪ್ಲಗಿನ್ನಿಗೂ ಥೀಮಿಗೂ ಹೊಂದಾಣಿಕೆಯಾಗದೆ ಇಡೀ ತಾಣ ಬೆಳ್ಳಗೆ ಬಯಲಾಗಿ ನಿಲ್ಲುವುದಕ್ಕೂ ಅಷ್ಟೇ ಹೊತ್ತು ಸಾಕು. ಆಗ ಜಾತ್ರೆಗೆ ಹೊರಟವರು ಫೋನಿನಲ್ಲಿ ತಾಣ ತೆರೆದು, ಏನೂ ಕಾಣದೆ, ಪಕ್ಕದ ಲಾಡ್ಜಿಗೆ ಹೋಗುತ್ತಾರೆ.

ತಾಣವೆಂದರೆ ಎರಡು ಭಾಗ. ಒಂದು ಕಡತಗಳು: ಪುಟದ ರೂಪ, ಚಿತ್ರ, ಪ್ಲಗಿನ್ನಿನ ಕೋಡು. ಇನ್ನೊಂದು ಡೇಟಾಬೇಸು: ಯಾರು ಯಾವ ದಿನಕ್ಕೆ ಯಾವ ರೂಮು ಹಿಡಿದರು, ಎಷ್ಟು ಮುಂಗಡ ಕೊಟ್ಟರು ಎಂಬುದೆಲ್ಲ ಅಲ್ಲಿ. ಸ್ಟೇಜಿಂಗ್ ಎಂದರೆ ಈ ಎರಡನ್ನೂ ನಕಲು ತೆಗೆದು ಬೇರೆ ವಿಳಾಸದಲ್ಲಿ ಇಡುವುದು. ಸಾಮಾನ್ಯವಾಗಿ ಅದೇ ಹೆಸರಿನ ಮುಂದೆ ‘ಸ್ಟೇಜಿಂಗ್’ ಎಂದು ಸೇರಿಸಿ ಒಂದು ಸಬ್‌ಡೊಮೇನ್ ಮಾಡುತ್ತಾರೆ. ಈಗ ಬಹಳಷ್ಟು ಹೋಸ್ಟಿಂಗ್ ಕಂಪನಿಗಳು ಇದಕ್ಕೊಂದು ಗುಂಡಿ ಇಟ್ಟಿವೆ. ಒತ್ತಿದರೆ ನಕಲು ಸಿದ್ಧ.

ಗುಂಡಿ ಇದೆಯೆಂದು ಕೆಲಸ ಮುಗಿಯಲಿಲ್ಲ. ವರ್ಡ್‌ಪ್ರೆಸ್ ತನ್ನ ವಿಳಾಸವನ್ನು ಡೇಟಾಬೇಸಿನಲ್ಲಿ ನೂರಾರು ಕಡೆ ಬರೆದಿಟ್ಟುಕೊಂಡಿರುತ್ತದೆ. ನಕಲಿನಲ್ಲಿ ಹಳೆಯ ವಿಳಾಸವೇ ಉಳಿದರೆ, ಸ್ಟೇಜಿಂಗ್ ಪುಟದಲ್ಲಿ ಒಂದು ಕೊಂಡಿ ಒತ್ತಿದವರು ಗೊತ್ತಿಲ್ಲದೆ ಲೈವ್‌ಗೆ ಬಂದು ಇಳಿಯುತ್ತಾರೆ, ಅಲ್ಲೇ ತಿದ್ದತೊಡಗುತ್ತಾರೆ. ಸರಿ, ಎಲ್ಲ ಕಡೆ ಹುಡುಕಿ ಬದಲಾಯಿಸಿಬಿಡೋಣ ಎಂದು ಕೈ ಹಾಕಿದರೆ ಇನ್ನೊಂದು ತೊಡಕು: ಕೆಲವು ಕಡೆ ವಿಳಾಸದ ಜೊತೆಗೆ ಅದರಲ್ಲಿ ಎಷ್ಟು ಅಕ್ಷರಗಳಿವೆ ಎಂಬ ಲೆಕ್ಕವನ್ನೂ ಬರೆದಿರುತ್ತಾರೆ. ವಿಳಾಸ ಉದ್ದವಾಗಿ ಲೆಕ್ಕ ಹಳೆಯದೇ ಉಳಿದರೆ ಆ ಸಾಲನ್ನು ತಂತ್ರಾಂಶ ಓದುವುದೇ ಇಲ್ಲ. ಇದನ್ನು ಬಲ್ಲ ಸಾಧನಗಳಿಂದಲೇ ಬದಲಾವಣೆ ಮಾಡಬೇಕು.

ಇನ್ನು ಹೊರಗಿನ ನಂಟುಗಳು. ಲೈವ್ ತಾಣ ಮಿಂಚಂಚೆ ಕಳಿಸುತ್ತದೆ, ಎಸ್ಸೆಮ್ಮೆಸ್ ಕಳಿಸುತ್ತದೆ, ಹಣ ವಸೂಲು ಮಾಡುತ್ತದೆ. ನಕಲಿಗೂ ಆ ಕೀಲಿಗಳೆಲ್ಲ ಹಾಗೇ ಬಂದಿರುತ್ತವೆ. ‘ನೋಡೋಣ’ ಎಂದು ಸ್ಟೇಜಿಂಗ್‌ನಲ್ಲಿ ಹಳೆಯ ಬುಕಿಂಗ್ ಒಂದನ್ನು ರದ್ದು ಮಾಡಿದರೆ, ರೂಮು ರದ್ದಾಯಿತೆಂಬ ಸಂದೇಶ ಹುಮನಾಬಾದಿನ ನಿಜವಾದ ಗಿರಾಕಿಯ ಫೋನಿಗೆ ಹೋಗಿ ಕೂಗುತ್ತದೆ. ಆದ್ದರಿಂದ ನಕಲು ತೆಗೆದ ಕೂಡಲೇ ಮಾಡಬೇಕಾದದ್ದು ಬಾಯಿಗೆ ಬೀಗ: ಅಂಚೆ ಹೊರಹೋಗದಂತೆ ತಡೆಯುವುದು, ಪೇಮೆಂಟ್ ಗೇಟ್‌ವೇಯನ್ನು ಟೆಸ್ಟ್ ಮೋಡ್‌ಗೆ ತರುವುದು. ಮುಂಬಾಗಿಲಿಗೂ ಪಾಸ್‌ವರ್ಡ್ ಬೇಕು. ಇಲ್ಲದಿದ್ದರೆ ಗೂಗಲ್ ಈ ನಕಲನ್ನೂ ಹುಡುಕಿ ಪಟ್ಟಿಗೆ ಸೇರಿಸಿ, ಗಿರಾಕಿಗಳನ್ನು ಅಲ್ಲಿಗೇ ಕಳಿಸುವ ಸಂಭವವಿದೆ.

ಗಿರಾಕಿಗಳ ಹೆಸರು, ಫೋನು, ಗುರುತಿನ ಚೀಟಿಯ ಪ್ರತಿ ಕೂಡ ನಕಲಿಗೆ ಬಂದಿರುತ್ತವೆ ಎಂಬುದನ್ನು ಮರೆಯುವವರೇ ಹೆಚ್ಚು. ಲೈವ್‌ಗೆ ಹಾಕಿದ ಕಾವಲು ಸ್ಟೇಜಿಂಗ್‌ಗೆ ಹಾಕುವವರು ಕಡಿಮೆ. ಕಳ್ಳನಿಗೆ ಯಾವ ಬಾಗಿಲಾದರೇನು? 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಣ್ಣಿಗೂ ಅಸಲಿನ ಮಾಹಿತಿ, ನಕಲಿನ ಮಾಹಿತಿ ಎಂಬ ಭೇದವಿಲ್ಲ. ನಿಜವಾದ ಹೆಸರು, ನಂಬರುಗಳನ್ನು ಅಳಿಸಿ ಕಟ್ಟುಹೆಸರು ತುಂಬುವುದೇ ಸರಿ.

ಆದರೆ ಎಂಥ ಕಟ್ಟುಹೆಸರು? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕುತೂಹಲ ಇರುವುದು ಇಲ್ಲಿಯೇ. ತಂತ್ರಾಂಶದ ಹುಡುಗರು ಪರೀಕ್ಷೆಗೆಂದು ತುಂಬುವುದು ಇಂಗ್ಲಿಷಿನಲ್ಲಿ ಬರೆದ ಎರಡು ತುಂಡಿನ ಹೆಸರು, ಹತ್ತು ಅಂಕಿಯ ಒಂದು ಸುಳ್ಳು ನಂಬರು. ಫಾರ್ಮು ಅದನ್ನು ಚಕಾರವೆತ್ತದೆ ಒಪ್ಪಿಕೊಳ್ಳುತ್ತದೆ. ಪರೀಕ್ಷೆ ಪಾಸು. ಈ ಸೀಮೆಯ ಹೆಸರುಗಳನ್ನು ಕೊಟ್ಟು ನೋಡಲಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಹಳೇ ಕಾಗದದಲ್ಲಿ ಉರ್ದು, ಆಧಾರಿನಲ್ಲಿ ಇಂಗ್ಲಿಷು. ಒಬ್ಬನೇ ಮನುಷ್ಯ ನಾಲ್ಕು ಕಡೆ ನಾಲ್ಕು ತರಹ. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವ ರೂಢಿ ಇಲ್ಲ. ನಿಜಾಮರ ಕಾಲದ ಸೇತ್ವಾರ್, 1954-55ರ ಖಾಸ್ರಾ ಪಹಣಿ ಎಂಬ ಭೂದಾಖಲೆಗಳಿಂದ ಹೆಸರನ್ನು ಎತ್ತಿ ಕನ್ನಡಕ್ಕೋ ತೆಲುಗಿಗೋ ತಂದವನು ಮಧ್ಯದ ಸ್ವರಗಳನ್ನು ಊಹಿಸಿಯೇ ತುಂಬಬೇಕಾಯಿತು. ಆ ಊಹೆಯೇ ಇವತ್ತು ಹೊಲದ ಪಾಸ್‌ಬುಕ್ಕಿನ ಹೆಸರು.

ಕನ್ನಡದಲ್ಲೇ ಟೈಪು ಮಾಡಿದರೂ ತೊಡಕು ತಪ್ಪದು. ‘ರಾಜ್‌ಕುಮಾರ್’ ಎಂದು ಜ ಅಕ್ಷರವನ್ನು ಅರ್ಧಕ್ಕೆ ನಿಲ್ಲಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕಾಗುತ್ತದೆ. ಅದು ಬಿಟ್ಟರೆ ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗುತ್ತದೆ. ಓದುವವನಿಗೆ ಎರಡೂ ಒಂದೇ ಹೆಸರು. ಹುಡುಕುವ ಯಂತ್ರಕ್ಕೆ ಎರಡು ಬೇರೆ ಬೇರೆ ಮನುಷ್ಯರು. ಎಸ್ಸೆಮ್ಮೆಸ್ಸೂ ಹಾಗೇ: ಇಂಗ್ಲಿಷಿನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ, ಕನ್ನಡ ತೆಲುಗುಗಳಲ್ಲಾದರೆ 70 ಮಾತ್ರ, ಅದರಲ್ಲೂ ಒತ್ತು, ಗುಣಿತದ ಚಿಹ್ನೆಗಳು ಬೇರೆಯಾಗಿಯೇ ಲೆಕ್ಕಕ್ಕೆ ಬರುತ್ತವೆ. ಇಂಗ್ಲಿಷಿನಲ್ಲಿ ಒಂದೇ ಸಂದೇಶವಾಗಿ ಹೋದದ್ದು ಕನ್ನಡದಲ್ಲಿ ಮೂರು ತುಂಡಾಗಿ, ಮೂರು ಪಟ್ಟು ಖರ್ಚಿನಲ್ಲಿ ಹೋಗುತ್ತದೆ. ಸ್ಟೇಜಿಂಗ್‌ನಲ್ಲಿ ಕನ್ನಡ ಸಂದೇಶವನ್ನೇ ಬರೆದು ನೋಡದವರಿಗೆ ಇದು ತಿಂಗಳ ಬಿಲ್ಲು ಬಂದಾಗಲೇ ಗೊತ್ತಾಗುವುದು.

ಹೊಲದ ಅಳತೆ ಇನ್ನೂ ಮೋಜಿನದು. ಗಡಿಯ ಎರಡೂ ಕಡೆ ಎಕರೆಗೆ 40 ಗುಂಟೆ. ತೆಲಂಗಾಣದ ಕಾಗದದಲ್ಲಿ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಕಂಪ್ಯೂಟರಿಗೆ ಆ ಚುಕ್ಕೆಯನ್ನು ದಶಮಾಂಶ ಎಂದೇ ಓದುವ ಚಾಳಿ. 1.25ಕ್ಕೆ 1.25 ಕೂಡಿಸಿದರೆ ಅದು 2.50 ಎನ್ನುತ್ತದೆ. ಇಪ್ಪತ್ತೈದು ಗುಂಟೆಗೆ ಇಪ್ಪತ್ತೈದು ಗುಂಟೆ ಸೇರಿದರೆ ಒಂದು ಎಕರೆ ಹತ್ತು ಗುಂಟೆ, ಆದ್ದರಿಂದ ಒಟ್ಟು 3.10 ಎಂದು ಊರಿನ ಯಾವ ರೈತನಾದರೂ ನಿಂತಲ್ಲೇ ಹೇಳುತ್ತಾನೆ. ಕರ್ನಾಟಕದ ಪಹಣಿಯಲ್ಲಿ ಎಕರೆ, ಗುಂಟೆ, ಆಣೆಗಳನ್ನು ಬೇರೆ ಬೇರೆ ಬರೆಯುವುದರಿಂದ ಈ ಒಂದು ಮೋಸ ಅಲ್ಲಿ ಕಡಿಮೆ. ಇಂಥದ್ದನ್ನು ಹಿಡಿಯಲು ಪರೀಕ್ಷೆ ಮಾಡುವವರ ಕೋಣೆಯಲ್ಲಿ ಹೊಲ ಅಳೆದು ಗೊತ್ತಿರುವ ಒಬ್ಬನಾದರೂ ಕೂತಿರಬೇಕು.

ನಕಲು ಅಸಲಿನಂತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆ ಪ್ರಸಿದ್ಧ. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಬ್ಯಾಂಕು ತನ್ನ 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಒಟ್ಟಿಗೇ ಸಾಗಿಸಿತು. ಸುಮಾರು 19 ಲಕ್ಷ ಜನ ತಮ್ಮ ಖಾತೆಯ ಒಳಗೇ ಹೋಗಲಾಗದೆ ಹೊರಗೆ ನಿಂತರು. ಕೆಲವರಿಗೆ ಬೇರೆಯವರ ಖಾತೆ ಕಾಣಿಸಿತು. ಆಮೇಲೆ ವಿಚಾರಣೆ ನಡೆದಾಗ ಹೊರಬಿದ್ದ ಸಂಗತಿ: ವ್ಯವಸ್ಥೆ ಓಡಬೇಕಿದ್ದದ್ದು ಎರಡು ಡೇಟಾ ಸೆಂಟರುಗಳ ಮೇಲೆ, ಕೆಲವು ಮುಖ್ಯ ಪರೀಕ್ಷೆಗಳು ನಡೆದದ್ದು ಒಂದರ ಮೇಲೆ ಮಾತ್ರ. ಎರಡರ ಜೋಡಣೆ ಒಂದೇ ತರಹ ಇರಲಿಲ್ಲ. 2022ರ ಡಿಸೆಂಬರಿನಲ್ಲಿ ಬ್ಯಾಂಕಿಗೆ ಬಿದ್ದ ದಂಡ 4 ಕೋಟಿ 86 ಲಕ್ಷ ಪೌಂಡಿಗೂ ಹೆಚ್ಚು.

ಈಗ ನಮ್ಮ ಗಡಿಗೆ ಮರಳೋಣ. ಈ ಸೀಮೆ ಪ್ರಯೋಗಗಳಿಗೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಾಸಾದ ಉಪಗ್ರಹವೊಂದನ್ನು ಎರವಲು ಪಡೆದು ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿದಾಗ ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳಲ್ಲಿ ಗುಲಬರ್ಗಾ, ಅಂದರೆ ಇಂದಿನ ಕಲಬುರಗಿ, ಇತ್ತು. ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೇಂದ್ರದ ಯೋಜನೆ 1988-89ರಲ್ಲಿ ಎಂಟು ರಾಜ್ಯಗಳ ಎಂಟು ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಅದರಲ್ಲಿ ಆಂಧ್ರದ ಪಾಲಿನದು ರಂಗಾರೆಡ್ಡಿ ಜಿಲ್ಲೆ, ಆಗ ತಾಂಡೂರು ಅದರೊಳಗೇ ಇತ್ತು. 1991ರಲ್ಲಿ ಕರ್ನಾಟಕದಲ್ಲಿ ಅದೇ ಯೋಜನೆಯ ಮೊದಲ ಪ್ರಯೋಗ ಗುಲಬರ್ಗಾ ಜಿಲ್ಲೆಯಲ್ಲಿ. ತಾಂಡೂರು 1956ರವರೆಗೂ ಗುಲಬರ್ಗಾ ಜಿಲ್ಲೆಯದೇ ತಾಲೂಕಾಗಿತ್ತು. ನಾರಾಯಣಖೇಡ, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್, ಬೀದರ ತಾಲೂಕಿನ ನ್ಯಾಲ್ಕಲ್ ಸರ್ಕಲ್ ಇವೆಲ್ಲ ಬೀದರ ಜಿಲ್ಲೆಯಿಂದ ಮೇದಕಿಗೆ ಹೋದದ್ದೂ ಆ ವರ್ಷವೇ. ಒಂದೇ ದಫ್ತರದ ಕಾಗದಗಳು ಎರಡು ರಾಜ್ಯಗಳ ಪಾಲಾಗಿ, ಒಂದು ಕಡೆ ಕನ್ನಡಕ್ಕೆ, ಇನ್ನೊಂದು ಕಡೆ ತೆಲುಗಿಗೆ ತಿರುಗಿ, ಬೇರೆ ಬೇರೆ ತಂತ್ರಾಂಶದೊಳಗೆ ಇಳಿದವು.

ಗುಲಬರ್ಗಾದ ಆ ಪ್ರಯೋಗದಿಂದ ಕಲಿತದ್ದೇನೆಂದರೆ, ಜಿಲ್ಲಾ ಕಚೇರಿಯಲ್ಲಿ ಕಂಪ್ಯೂಟರ್ ಇಟ್ಟು ದಾಖಲೆ ತುಂಬಿದರೆ ತಾಲೂಕಿನಲ್ಲಿ ಅದು ದಿನವೂ ತಿದ್ದುಪಡಿಯಾಗದೆ ಹಳಸಿಹೋಗುತ್ತದೆ ಎಂಬುದು. ತೊಂಬತ್ತರ ದಶಕದ ಕೊನೆಗೆ ಭೂಮಿ ಯೋಜನೆ ಬಂದಾಗ ಕಂಪ್ಯೂಟರುಗಳು ತಾಲೂಕಿಗೇ ಬಂದವು. 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು. ತುಂಬಿದ ಪಹಣಿಯನ್ನು ಅಚ್ಚು ತೆಗೆದು ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು, ಕೈಬರಹದ ಪುಸ್ತಕದೊಂದಿಗೆ ಸಾಲುಸಾಲಾಗಿ ತಾಳೆ ನೋಡಿಸಿದರು. ಒಂದೊಂದು ತಾಲೂಕೂ ಸಿದ್ಧವಾದ ಮೇಲೆಯೇ ಅಲ್ಲಿ ಕೈಬರಹದ ಪಹಣಿ ನಿಲ್ಲಿಸಿದ್ದು. ಭೂಮಿಯಲ್ಲಿ ತಪ್ಪುಗಳಿರಲಿಲ್ಲ ಎಂದಲ್ಲ, ಇವತ್ತಿಗೂ ಇವೆ. ಆದರೆ ಬದಲಾವಣೆಯನ್ನು ತಾಲೂಕು ತಾಲೂಕಾಗಿ ಹರಿಬಿಟ್ಟದ್ದರಿಂದ ಒಂದು ಕಡೆಯ ತಪ್ಪು ಇನ್ನೊಂದು ಕಡೆಗೆ ಹೋಗುವ ಮೊದಲೇ ಕಾಣಿಸುತ್ತಿತ್ತು.

ತೆಲಂಗಾಣದ ಭೂದಾಖಲೆ ಪೋರ್ಟಲ್ ಧರಣಿ ಬಂದ ರೀತಿಯೇ ಬೇರೆ. 2020ರ ಸೆಪ್ಟೆಂಬರ್ 8ರಿಂದ ರಾಜ್ಯದಲ್ಲಿ ನೋಂದಣಿಯನ್ನೇ ನಿಲ್ಲಿಸಿದರು. ಅಕ್ಟೋಬರ್ 29ರಂದು ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಪೋರ್ಟಲ್ ಉದ್ಘಾಟಿಸಿದರು. ನವೆಂಬರ್ 2ರಿಂದ ಇಡೀ ರಾಜ್ಯದ ತಹಸೀಲ್ದಾರ್ ಕಚೇರಿಗಳಲ್ಲಿ ಕೃಷಿಭೂಮಿಯ ವ್ಯವಹಾರ ಒಟ್ಟಿಗೇ ಧರಣಿಯ ಮೇಲೆ ಶುರು. ಅದರ ಒಳ್ಳೆಯದನ್ನೂ ಹೇಳಬೇಕು: ಕಾಗದ ತಕರಾರಿಲ್ಲದವರಿಗೆ ನೋಂದಣಿಯೂ ಖಾತೆ ಬದಲಾವಣೆಯೂ ಒಂದೇ ಕಚೇರಿಯಲ್ಲಿ, ಒಂದೇ ದಿನದಲ್ಲಿ ಮುಗಿಯುವಂತಾಯಿತು. ಯಾರ ಹೆಸರು ತಪ್ಪಾಗಿತ್ತೋ, ಯಾರ ಪಟ್ಟಾ ಭೂಮಿ ನಿಷೇಧಿತ ಪಟ್ಟಿಯಲ್ಲಿ ಸೇರಿತ್ತೋ, ಯಾರದು ಬಿಳಿ ಕಾಗದದ ಮೇಲೆ ಬರೆದ, ನೋಂದಣಿಯಾಗದ ಕ್ರಯಪತ್ರ, ಅಂದರೆ ಸಾದಾ ಬೈನಾಮಾ ಆಗಿತ್ತೋ ಅವರ ಪಾಡು ಮಾತ್ರ ಕೇಳುವಂತಿರಲಿಲ್ಲ. ತಪ್ಪು ಕಣ್ಣೆದುರು ಇದ್ದರೂ ತಹಸೀಲ್ದಾರರಿಗೆ ಅದನ್ನು ತಿದ್ದುವ ಅಧಿಕಾರವಿರಲಿಲ್ಲ. ಅರ್ಜಿ ಕಲೆಕ್ಟರರವರೆಗೆ ಹೋಗಬೇಕು. ಒಂದೊಂದು ಬಗೆಯ ತಪ್ಪು ಬೆಳಕಿಗೆ ಬಂದ ಹಾಗೆ ಅದಕ್ಕೊಂದು ಹೊಸ ಮಾಡ್ಯೂಲ್ ಸೇರಿಸುತ್ತ ಹೋದರು. ಯಾವ ತೊಂದರೆಗೆ ಯಾವ ಮಾಡ್ಯೂಲ್ ಎಂಬುದೇ ಮೀ ಸೇವಾ ಕೇಂದ್ರದವರಿಗೆ ಒಂದು ವಿದ್ಯೆಯಾಯಿತು. 2024ರ ಆರಂಭದ ಹೊತ್ತಿಗೆ ಬಾಕಿ ಬಿದ್ದ ಅರ್ಜಿಗಳು ಎರಡು ಲಕ್ಷ ದಾಟಿದ್ದವು.

ನ್ಯಾಲ್ಕಲ್, ಝರಾಸಂಗಂ ಮಂಡಲಗಳಿಗೆ ಇದು ಬರೀ ಕಾಗದದ ಮಾತಲ್ಲ. ಜಹೀರಾಬಾದಿನ ರಾಷ್ಟ್ರೀಯ ಬಂಡವಾಳ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ, ಎಲ್ಲರೂ ನಿಮ್ಜ್ ಎನ್ನುವ ಯೋಜನೆಗೆ, ಗುರುತಿಸಿದ 12,635 ಎಕರೆ ಇರುವುದು ಈ ಎರಡು ಮಂಡಲಗಳ ಹಳ್ಳಿಗಳಲ್ಲೇ. 2024ರ ಆಗಸ್ಟ್ 28ರಂದು ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳ ಪಟ್ಟಿಯಲ್ಲಿ ಜಹೀರಾಬಾದೂ ಇದೆ. ಭೂಸ್ವಾಧೀನ ನಡೆಯುವ ಕಡೆ ಪರಿಹಾರ ಸಿಗುವುದು ದಾಖಲೆಯಲ್ಲಿ ಹೆಸರಿರುವವನಿಗೆ. ಒಂದು ಅಕ್ಷರ ತಪ್ಪಿದರೆ ಚೆಕ್ಕು ನಿಲ್ಲುತ್ತದೆ.

ಧರಣಿಯ ಬದಲಿಗೆ ಬಂದ ಭೂ ಭಾರತಿ ಕಾಯ್ದೆ, ಪೋರ್ಟಲ್ 2025ರ ಏಪ್ರಿಲ್ 14ರಂದು ಜಾರಿಯಾದಾಗ ಸರ್ಕಾರ ಪಾಠ ಕಲಿತಂತೆ ಕಂಡಿತು. ಮೊದಲು ನಾಲ್ಕೇ ಮಂಡಲ: ನಾರಾಯಣಪೇಟ ಜಿಲ್ಲೆಯ ಮದ್ದೂರು, ಕಾಮಾರೆಡ್ಡಿಯ ಲಿಂಗಂಪೇಟ, ಖಮ್ಮಂನ ನೇಲಕೊಂಡಪಲ್ಲಿ, ಮುಲುಗು ಜಿಲ್ಲೆಯ ವೆಂಕಟಾಪುರ. ಮೇ ತಿಂಗಳಲ್ಲಿ ಉಳಿದ ಜಿಲ್ಲೆಗಳಲ್ಲಿ ಒಂದೊಂದು ಮಂಡಲ. ಜೂನಿನಲ್ಲಿ ಊರೂರಿಗೆ ಕಂದಾಯ ಸದಸ್ಸುಗಳು. ಮದ್ದೂರು ಮುಖ್ಯಮಂತ್ರಿ ರೇವಂತ ರೆಡ್ಡಿಯವರದೇ ಕೊಡಂಗಲ್ ಕ್ಷೇತ್ರದ್ದು. ಅಲ್ಲಿ ಕೆಟ್ಟರೆ ಸುದ್ದಿ ಬೇಗ ಮೇಲಕ್ಕೆ ಹೋಗುತ್ತದೆ ಎಂಬ ಲೆಕ್ಕವೂ ಇದ್ದೀತು!

ಇಲ್ಲಿ ಒಂದು ಭೇದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪೈಲಟ್ ಬೇರೆ, ಸ್ಟೇಜಿಂಗ್ ಬೇರೆ. ಅಧಿಕಾರಿಗಳು, ಪತ್ರಿಕೆಗಳು ಎರಡನ್ನೂ ‘ಪ್ರಾಯೋಗಿಕ’ ಎಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತಾರೆ. ಮದ್ದೂರಿನ ರೈತನಿಗೆ ಪೈಲಟ್ ಎಂಬುದು ಲೈವ್. ಅಲ್ಲಿ ಓಡುವ ತಂತ್ರಾಂಶ ಹೊಸದಿರಬಹುದು, ಹೊಲ ಅವನದೇ, ಪಾಲು ಬೇಕಾದ ತಮ್ಮನೂ ನಿಜವಾದ ತಮ್ಮನೇ. ಅವನ ಪಾಲಿಗೆ ತಪ್ಪಾದರೆ ಅದನ್ನು ‘ಪರೀಕ್ಷೆಯಲ್ಲಿ ಸಿಕ್ಕ ದೋಷ’ ಎಂದು ವರದಿಯಲ್ಲಿ ಬರೆಯಬಹುದು, ಅವನಿಗೆ ಅದು ಒಂದು ಹಂಗಾಮಿಗೆ ಕೈತಪ್ಪಿದ ಸಾಲ. ಹಾಗಾಗಿ ಸ್ಟೇಜಿಂಗ್‌ನಲ್ಲಿ ಮುರಿಯಬಹುದಾದದ್ದನ್ನೆಲ್ಲ ಮುರಿದು ಮುಗಿಸಿದ ಮೇಲೆಯೇ ಪೈಲಟ್‌ಗೆ ಬರಬೇಕು. ಪೈಲಟ್‌ಗೆ ಬಂದ ಮೇಲೆ ತಪ್ಪು ಆಗುವುದನ್ನು ತಡೆಯುವುದಕ್ಕಿಂತ ಆದ ತಪ್ಪನ್ನು ಅಲ್ಲೇ, ಆ ದಿನವೇ, ಹತ್ತಿರದ ಕಚೇರಿಯಲ್ಲೇ ತಿದ್ದುವ ದಾರಿ ಮುಖ್ಯ. ಧರಣಿಯಲ್ಲಿ ಕೊರತೆ ಇದ್ದದ್ದು ಆ ಹಿಂದಿರುಗುವ ದಾರಿಯದು. ಭೂ ಭಾರತಿಯ ಕಾಯ್ದೆಯಲ್ಲಿ ಕೆಳಹಂತದ ಅಧಿಕಾರಿಗಳಿಗೆ ತಿದ್ದುವ ಅಧಿಕಾರ, ಮೇಲ್ಮನವಿಯ ಹಂತಗಳು ಇವನ್ನು ಬರೆದಿದ್ದಾರೆ. ಕಾಗದದ ಮೇಲೆ ಅದು ಸರಿಯಾದ ದಿಕ್ಕು.

ಜನರನ್ನು ನೋಯಿಸದೆ, ಜನರ ಮುಂದೆಯೇ ತಾಲೀಮು ಮಾಡುವುದು ಹೇಗೆಂದು ನೋಡಲು ಝರಾಸಂಗಂ ಮಂಡಲ ಬಿಟ್ಟು ಹೋಗಬೇಕಿಲ್ಲ. ಇದೇ ಮಂಡಲದ ಮಾಚನೂರಿನಲ್ಲಿ ಸಂಘಂ ರೇಡಿಯೋ ಇದೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಣ್ಣುಮಕ್ಕಳು ನಡೆಸುವ ನಿಲಯ ಅದು. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು. ದೂರದರ್ಶನದಲ್ಲಿ ಕಾರ್ಯಕ್ರಮ ಮಾಡುತ್ತಿದ್ದವರು ಜೋಳ, ಸಜ್ಜೆ, ನವಣೆಗಳ ಬೆನ್ನು ಹತ್ತಿ ಇಲ್ಲಿಗೆ ಬಂದು, 2023ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯವರೇ ಆಗಿ ಉಳಿದರು. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲೇ ತೀರ್ಪು ಕೊಟ್ಟಿತ್ತು. ಆದರೂ ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೋ ನಡೆಸಲು ಬಿಡುವ ನೀತಿ ಬಂದದ್ದು 2006ರ ನವೆಂಬರಿನಲ್ಲಿ. ಮಾಚನೂರಿನವರು ಕೈಕಟ್ಟಿ ಕೂರಲಿಲ್ಲ. 1998ರ ಹೊತ್ತಿಗೇ ಯುನೆಸ್ಕೋ ನೆರವಿನಿಂದ ಸ್ಟುಡಿಯೋ ಸಲಕರಣೆ ಬಂದಿತ್ತು. ಬಿತ್ತರಿಸಲು ಪರವಾನಗಿ ಇಲ್ಲ, ಧ್ವನಿಮುದ್ರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಬೀಜ, ಬೆಳೆ, ಹಾಡು, ಕಥೆ ಎಲ್ಲ ಕ್ಯಾಸೆಟ್ಟಿಗೆ ತುಂಬಿ, ಊರೂರಿನ ಸಂಘದ ಸಭೆಗಳಿಗೆ ಒಯ್ದು ಕೇಳಿಸಿದರು. ಕೇಳಿದವರು ಅಲ್ಲೇ ಕೂತು ಮಾತಾಡಿದರು. ಹೀಗೆ ಸುಮಾರು ಹತ್ತು ವರ್ಷ. 2008ರ ಅಕ್ಟೋಬರ್ 15ರಂದು 90.4 ಮೆಗಾಹರ್ಟ್ಸ್‌ನಲ್ಲಿ ಬಿತ್ತರಣೆ ಶುರುವಾದಾಗ, ನಿಲಯ ನಡೆಸುವ ಜನರಲ್ ನರಸಮ್ಮ, ಆಲ್ಗೋಲೆ ನರಸಮ್ಮ ಅವರಿಗೆ ಮೈಕು ಹೊಸದಲ್ಲ, ಕೇಳುಗರು ಹೊಸಬರಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೋ ಆ ಕಾಯುವಿಕೆಯ ವರ್ಷಗಳಲ್ಲೇ ಪರವಾನಗಿಗೆ ಕಾಯದೆ ಕೇಬಲ್ ತಂತಿಯ ಮೂಲಕ ಮನೆಗಳಿಗೆ ಧ್ವನಿ ಹರಿಸಿತ್ತು. ಮಾಚನೂರಿನದು ಸರ್ಕಾರದ ತಡದಿಂದ ಆದ ತಾಲೀಮು, ಯಾರೂ ಬೇಕೆಂದು ಯೋಜಿಸಿದ್ದಲ್ಲ. ಆದರೂ ನಮ್ಮ ಪೋರ್ಟಲ್ ಕಟ್ಟುವವರು ಅದರಿಂದ ಕಲಿಯಬೇಕಾದ ಒಂದು ವಿಷಯವಿದೆ: ತಾಲೀಮಿನ ಮುಂದೆ ಕೂತವರು ಕಡೆಗೂ ಕೇಳಬೇಕಾದವರೇ ಆಗಿದ್ದರು.

ಸ್ಟೇಜಿಂಗ್‌ನಿಂದ ಆಗದ ಕೆಲಸಗಳೂ ಇವೆ. ಸಾವಿರಾರು ಜನ ಒಂದೇ ಗಳಿಗೆಯಲ್ಲಿ ನುಗ್ಗುವುದನ್ನು ನಕಲಿನಲ್ಲಿ ಅರ್ಧಂಬರ್ಧ ಕೃತಕವಾಗಿ ಮಾಡಿ ನೋಡಬಹುದು ಅಷ್ಟೆ. ಕೇಡು ಬಗೆದು ನುಗ್ಗುವವರನ್ನಂತೂ ಮೊದಲೇ ಊಹಿಸಲಾಗದು. ಚಿಂಚೋಳಿಯಲ್ಲಿ ಪಾಸಾಗಿ ಎರಡು ವರ್ಷ ಓಡಿದ ಕಾವೇರಿ 2.0 ಕೂಡ 2025ರ ಜನವರಿಯಲ್ಲಿ ಸುಳ್ಳು ಖಾತೆಗಳಿಂದ ಹರಿದುಬಂದ ಕೋರಿಕೆಗಳ ದಾಳಿಗೆ ಸಿಕ್ಕಿ ಕುಂಟಿತು, ರಾಜ್ಯದ ತುಂಬ ನೋಂದಣಿ ಅಸ್ತವ್ಯಸ್ತವಾಯಿತು.

ನಕಲಿನಲ್ಲಿ ಪಾಸಾದದ್ದನ್ನು ಅಸಲಿಗೆ ಸಾಗಿಸುವ ಹೆಜ್ಜೆಯೂ ಜಾರುವಂಥದ್ದು. ಅಮೆರಿಕದ ಶೇರು ವ್ಯಾಪಾರದ ಕಂಪನಿ ನೈಟ್ ಕ್ಯಾಪಿಟಲ್ 2012ರಲ್ಲಿ ಹೊಸ ಕೋಡನ್ನು ಎಂಟು ಸರ್ವರುಗಳ ಪೈಕಿ ಏಳಕ್ಕೆ ಹಾಕಿ ಒಂದನ್ನು ಬಿಟ್ಟುಬಿಟ್ಟಿತು. ಆಗಸ್ಟ್ 1ರ ಬೆಳಿಗ್ಗೆ ಆ ಒಂದು ಸರ್ವರಿನಲ್ಲಿ ಉಳಿದ ಹಳೆಯ ಕೋಡು ಎಚ್ಚೆತ್ತು ಮುಕ್ಕಾಲು ಗಂಟೆಯಲ್ಲಿ ಮಾಡಿದ ನಷ್ಟ 46 ಕೋಟಿ ಡಾಲರ್. ನಮ್ಮ ಲಾಡ್ಜಿನವರಿಗೆ ಅಷ್ಟು ಸರ್ವರುಗಳಿಲ್ಲ, ಆದರೆ ಅವರಿಗೆ ಬೇರೆ ಗಂಡಾಂತರವಿದೆ. ಸೋಮವಾರ ನಕಲು ತೆಗೆದು, ಗುರುವಾರದವರೆಗೆ ತಿದ್ದಿ, ಶುಕ್ರವಾರ ಇಡೀ ನಕಲನ್ನು ಲೈವ್ ಮೇಲೆ ಹೇರಿದರೆ ನಡುವಿನ ದಿನಗಳಲ್ಲಿ ಬಂದ ಬುಕಿಂಗುಗಳೆಲ್ಲ ಅಳಿಸಿಹೋಗುತ್ತವೆ. ಸೋಮವಾರದ ಡೇಟಾಬೇಸು ಶುಕ್ರವಾರದ್ದನ್ನು ನುಂಗಿರುತ್ತದೆ. ಆದ್ದರಿಂದ ಸಾಗಿಸುವುದು ಕಡತಗಳನ್ನು ಮಾತ್ರ. ಡೇಟಾಬೇಸಿನಲ್ಲಿ ಆಗಬೇಕಾದ ಬದಲಾವಣೆಯನ್ನು ಬರೆದಿಟ್ಟುಕೊಂಡು ಲೈವ್‌ನಲ್ಲಿ ಮತ್ತೊಮ್ಮೆ ಕೈಯಾರೆ ಮಾಡಬೇಕು. ಸಾಗಿಸುವ ಮೊದಲು ಲೈವ್‌ನದೊಂದು ಬ್ಯಾಕಪ್. ಜಾತ್ರೆಯ ವಾರದಲ್ಲಂತೂ ಯಾವ ಗುಂಡಿಯನ್ನೂ ಮುಟ್ಟದಿರುವುದು.

ಬ್ಯಾಕಪ್ ಎಂದು ಫೈಲಿನ ಹೆಸರಿದ್ದರೆ ಅದು ಬ್ಯಾಕಪ್ ಆಗಿಬಿಡುವುದಿಲ್ಲ ಎಂಬುದನ್ನು ಗಿಟ್‌ಲ್ಯಾಬ್ ಎಂಬ ಕಂಪನಿ ಕಲಿತದ್ದು 2017ರ ಜನವರಿ 31ರ ರಾತ್ರಿ. ಲಕ್ಷಾಂತರ ತಂತ್ರಜ್ಞರು ತಮ್ಮ ಕೋಡನ್ನು ಇಟ್ಟುಕೊಳ್ಳುವ ತಾಣ ಅದು. ದಣಿದಿದ್ದ ಒಬ್ಬ ಎಂಜಿನಿಯರ್ ಜೋಡಿ ಸರ್ವರಿನಲ್ಲಿ ಅಳಿಸುತ್ತಿದ್ದೇನೆಂದುಕೊಂಡು ಅಸಲಿ ಡೇಟಾಬೇಸನ್ನೇ ಅಳಿಸತೊಡಗಿದ. ಒಂದೆರಡು ಕ್ಷಣದಲ್ಲಿ ತಿಳಿದು ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿ ಹೋಗಿತ್ತು. ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಿದ್ದವು. ತೆರೆದು ನೋಡಿದರೆ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಕಡೆಗೆ ಸಿಕ್ಕಿದ್ದು, ಸ್ಟೇಜಿಂಗ್‌ಗೆ ತುಂಬಲೆಂದು ಆರು ಗಂಟೆ ಮೊದಲು ಯಾರೋ ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಅದನ್ನೇ ತಂದು ಲೈವ್‌ನಲ್ಲಿ ಕೂರಿಸಿದರು. ತಾಣ ಮತ್ತೆ ಎದ್ದು ನಿಲ್ಲಲು ಸುಮಾರು 18 ಗಂಟೆ ಹಿಡಿಯಿತು. ಆ ಆರು ಗಂಟೆಗಳಲ್ಲಿ ಜನ ಮಾಡಿದ್ದ ಕೆಲಸ, ಅಂದರೆ ಸುಮಾರು 5,000 ಪ್ರಾಜೆಕ್ಟುಗಳ ಮಾಹಿತಿ, 5,000 ಟಿಪ್ಪಣಿಗಳು, 700ರಷ್ಟು ಹೊಸ ಖಾತೆಗಳು, ವಾಪಸು ಬರಲಿಲ್ಲ.